ಅತ್ತೆ ಜಪಾನಿನಲ್ಲಿ ಉಂಡದ್ದು

ಎಂಬತ್ತರ ದಶಕದ ಕೊನೆಯಲ್ಲಿ, ನಾನು ಮದುವೆಯಾಗಿ ಹನೂರಿನಿಂದ ಕೊಳ್ಳೇಗಾಲಕ್ಕೆ ಬಂದ ಹೊಸದರಲ್ಲಿ, ನಮ್ಮ ಮನೆಗೆ ಕನ್ನಡಕದ ಒಬ್ಬ ಜಪಾನಿ ಸಾಹೇಬರು ಊಟಕ್ಕೆ ಬಂದಿದ್ದರು. ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಶೆಡ್ಡಿತ್ತು. ಮಾವ ಹೋದ ಮೇಲೆ ಅದನ್ನು ನನ್ನ ಅತ್ತೆಯೇ ನಡೆಸುತ್ತಿದ್ದರು. ಊರಿನ ಶೆಡ್ಡುಗಳನ್ನು ನೋಡಲು ಬಂದ ಆ ಸಾಹೇಬರನ್ನು ಜೊತೆಗಿದ್ದ ರೇಷ್ಮೆ ಇಲಾಖೆಯ ಅಧಿಕಾರಿಗಳು ಹೋಟೆಲಿಗೆ ಕರೆದುಕೊಂಡು ಹೋಗಬೇಕಾಗಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಶೆಡ್ಡಿಗೆ ಬಂದವರನ್ನು ಹಾಗೇ ಕಳಿಸುವುದು ಅತ್ತೆಯ ಲೆಕ್ಕದಲ್ಲಿ ಇರಲಿಲ್ಲ.

ಮುದ್ದೆ, ಹುರುಳಿ ಬಸ್ಸಾರು ಇಟ್ಟೆವು. ಸಾಹೇಬರು ಮುದ್ದೆಯನ್ನು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು, ಮತ್ತೂ ಅಗಿದರು. ಅತ್ತೆ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಮುದ್ದೆ ಅಗೀತಾವ್ನೆ ಕಣಮ್ಮಿ. ಸಾಯಂಕಾಲಗಂಟ ಉಂಡಾನು."

ಹೊರಡುವಾಗ ಆತ ಅತ್ತೆಯ ಮುಂದೆ ನಡು ಬಗ್ಗಿಸಿ ಏನೋ ಹೇಳಿದರು. ಅಧಿಕಾರಿಯೊಬ್ಬರು, "ನೀವು ಒಂದ್ಸಲ ಜಪಾನಿಗೆ ಬರಬೇಕು ಅಂತಾರೆ ಕಣ್ರಮ್ಮ" ಎಂದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಕರೆದಿದ್ದಾರೆ ಎಂದ ಮೇಲೆ ಹೋಗಬೇಕು ಎಂದು ಅವರು ಅವತ್ತೇ ತೀರ್ಮಾನಿಸಿಬಿಟ್ಟಿದ್ದರು. ಹೊನ್ನೂರಿನ ತಮ್ಮ ತವರಿಗೆ ಹಬ್ಬಕ್ಕೆ ಹೋಗುವುದನ್ನು ತಪ್ಪಿಸಿದರೂ ತಪ್ಪಿಸಿಯಾರು, ಇದನ್ನು ಮಾತ್ರ ವರ್ಷಕ್ಕೊಮ್ಮೆಯಾದರೂ ನೆನಪಿಸದೆ ಬಿಡುತ್ತಿರಲಿಲ್ಲ.

ಹೊಸ ಶತಮಾನ ಶುರುವಾಗಿ ಮೂರು ವರ್ಷವಾದಾಗ ಬೆಂಗಳೂರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ನನ್ನ ನಾದಿನಿ ಆ ಮಾತನ್ನು ನಿಜ ಮಾಡಿದಳು. ಜಪಾನಿನ ಸಂಸ್ಕೃತಿ ಮತ್ತು ಊಟ ತೋರಿಸುವ ಒಂದು ಐಷಾರಾಮಿ ಪ್ರವಾಸಕ್ಕೆ ಅಮ್ಮನ ಹೆಸರು ಬರೆಸಿದಳು. ಜೊತೆಗೆ ಅವಳೇ ಹೋಗಬೇಕೆಂದಿದ್ದರೂ ದೀಪಾವಳಿ ವ್ಯಾಪಾರ ಬಿಟ್ಟು ಹೊರಡುವಂತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು, ದಸರಾ ರಜೆ ಇತ್ತು. ಹೀಗಾಗಿ ಸೊಸೆಗೆ ಅದೃಷ್ಟ ಖುಲಾಯಿಸಿತು.

ಗುಂಪಿನಲ್ಲಿ ಹತ್ತಾರು ಜನರಿದ್ದರೂ ನಮಗೆ ಹತ್ತಿರವಾದವರು ಬೆಂಗಳೂರಿನ ನಿವೃತ್ತ ಡಾಕ್ಟರು ಮತ್ತು ಅವರ ಹೆಂಡತಿ ಮಾತ್ರ. ಗೈಡ್ ನಡುವಯಸ್ಸಿನ ಜಪಾನಿ ಹೆಂಗಸು, ಸೊಗಸಾದ ಇಂಗ್ಲಿಷು, ಕೈಯಲ್ಲಿ ಸದಾ ಎತ್ತಿ ಹಿಡಿದ ಹಳದಿ ಛತ್ರಿ. ಅತ್ತೆ ಅವರಿಗೆ ಮೊದಲ ದಿನವೇ "ಗೈಡವ್ವ" ಎಂದು ಹೆಸರಿಟ್ಟರು. ಆಕೆಯೂ ಆ ಹೆಸರಿಗೆ ತಿರುಗಿ ನೋಡಲು ಕಲಿತುಬಿಟ್ಟರು.

ಕ್ಯೋಟೋದಲ್ಲಿ ನಮ್ಮನ್ನು ಇಳಿಸಿದ್ದು ಮರದ ಹಳೆಯ ಛತ್ರದಂಥ ಮನೆಯಲ್ಲಿ. ಛತ್ರವೆಂದರೆ ಕೋಪಿಸಿಕೊಂಡಾರು. ಅಲ್ಲಿ ಒಂದು ರಾತ್ರಿ ತಂಗಲು ದೊಡ್ಡವರೇ ಕಾದು ನಿಲ್ಲುತ್ತಾರಂತೆ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ನೆಲದ ಚಾಪೆಯ ಮೇಲೆ ಕೂರಬೇಕು, ನೆಲದಲ್ಲೇ ಹಾಸಿಗೆ. ಡಾಕ್ಟರ ಹೆಂಡತಿ ಮಂಡಿನೋವಿಗೆ ಬೈದುಕೊಳ್ಳುತ್ತಿದ್ದರೆ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ, "ಇದೇನ್ ನಮ್ಮಟ್ಟಿ ಇದ್ದಂಗೇ ಅದಲ್ಲ. ಇದಕ್ಯಾಕ ಇಮಾನ ಅತ್ತಿ ಬಂದ್ವಿ?" ಎಂದರು.

ತೊಂದರೆ ಶುರುವಾದದ್ದು ಊಟಕ್ಕೆ. ಕಿಮೋನೋ ಉಟ್ಟ ಒಬ್ಬ ಹೆಂಗಸು ಬಾಗಿಲು ಸರಿಸಿ, ಮಂಡಿಯೂರಿ, ತಲೆಬಾಗಿ, ಒಂದೊಂದೇ ಬಟ್ಟಲು ತಂದಿಟ್ಟರು. ಕುಂಕುಮದ ಭರಣಿಯಷ್ಟು ಬಟ್ಟಲಲ್ಲಿ ಒಂದೇ ಒಂದು ತುಂಡು ಗೆಣಸು. ಇನ್ನೊಂದರಲ್ಲಿ ಎಲೆಯ ಮೇಲೆ ಹೂವಿನ ಹಾಗೆ ಜೋಡಿಸಿದ ಹಸಿ ಮೀನು. ಆಕೆ ಮಂಡಿಯೂರಿದಾಗಲೆಲ್ಲ ಅತ್ತೆ ಧಡಕ್ಕನೆ ಎದ್ದು ನಿಲ್ಲುತ್ತಿದ್ದರು. ವಯಸ್ಸಾದ ಹೆಂಗಸು ತಮ್ಮ ಮುಂದೆ ನೆಲಕ್ಕೆ ಬಗ್ಗುವುದನ್ನು ಕುಳಿತು ನೋಡಲು ಅವರಿಂದಾಗಲಿಲ್ಲ. ಅತ್ತೆ ಎದ್ದರೆ ಆಕೆ ಇನ್ನಷ್ಟು ಬಗ್ಗುವರು. ಆಕೆ ಬಗ್ಗಿದರೆ ಅತ್ತೆ ಕೈ ಹಿಡಿದು ಎಬ್ಬಿಸುವರು.

ಏಳೆಂಟು ಬಟ್ಟಲು ಖಾಲಿಯಾದ ಮೇಲೆ ಅತ್ತೆ ನನ್ನ ಕಡೆ ವಾಲಿದರು.

"ಊಟ ಯಾವಾಗ ಇಕ್ಕಾರು?"

"ಅತ್ತೆ, ಇದೇ ಊಟ."

"ಇದು ರುಚಿ ನೋಡಕ ಕೊಟ್ಟದ್ದು ಕಣಮ್ಮಿ. ಊಟ ಕೇಳು."

ಕೇಳಲು ನನಗೆ ಮುಖವಿರಲಿಲ್ಲ. ಅತ್ತೆ ಸುಮ್ಮನೆ ಕೂರಲಾಗದೆ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿ, ತಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಗೆ ಹೊರಟರು. ಬಾಗಿಲಲ್ಲಿ ಆ ಹೆಂಗಸು ಎದುರಾದರು. ತಟ್ಟೆಯ ಒಂದು ಕಡೆ ಆಕೆ, ಇನ್ನೊಂದು ಕಡೆ ಅತ್ತೆ. ಇಬ್ಬರೂ ನಗುತ್ತಲೇ ಎಳೆದರು, ಇಬ್ಬರೂ ಬಿಡಲಿಲ್ಲ. ಕೊನೆಗೆ ಗೈಡವ್ವ ಬಂದು ಅತ್ತೆಯ ಹೆಗಲು ಹಿಡಿದು ಕೂರಿಸಿ, ನನ್ನ ಮೂಲಕ ಹೇಳಿಸಿದರು: "ನೀವು ಕುಳಿತುಕೊಂಡರೇ ಅವರಿಗೆ ಸಂತೋಷ."

"ಕುಂತ್ಕಂಡು ತಿನ್ನದೂ ಒಂದು ಕೆಲ್ಸಾನಾ?" ಎಂದು ಅತ್ತೆ ಗೊಣಗಿದರು. ನಲವತ್ತು ವರ್ಷ ಶೆಡ್ಡಿನವರಿಗೂ ಮನೆಯವರಿಗೂ ಇಕ್ಕಿ, ಎಲ್ಲರದಾದ ಮೇಲೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಉಂಡವರು ಅವರು. ಆ ಹೊತ್ತಿನಲ್ಲಿ ಅವರಿಗೆ ಎಷ್ಟು ಸಂಕಟವಾಗುತ್ತಿದೆಯೆಂದು ನನಗೆ ಅರ್ಥವಾಯಿತು. ಆದರೂ ನಗು ತಡೆಯಲಾಗಲಿಲ್ಲ. ಕೋಣೆಗೆ ಬಂದ ಮೇಲೆ ಅತ್ತೆ ಪೆಟ್ಟಿಗೆ ತೆಗೆದು, ಊರಿಂದ ತಂದಿದ್ದ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿಯನ್ನು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡರು. ಅಲ್ಲಿಂದಾಚೆ ಹಸಿ ಮೀನಾಗಲಿ ಸಾರಾಗಲಿ, ಡಬ್ಬಿಯ ಮುಚ್ಚಳ ತೆರೆಯದೆ ಏನೂ ಒಳಗೆ ಹೋಗಲಿಲ್ಲ.

ಮಾರನೆಯ ದಿನ ಒಂದು ಅಂಗಡಿಯ ಮುಂದೆ ಇಬ್ಬರು ಮರದ ಕೊಡತಿ ಎತ್ತಿ ಒರಳಿನಲ್ಲಿ ಅನ್ನ ಕುಟ್ಟುತ್ತಿದ್ದರು. ಒಬ್ಬ ಕುಟ್ಟಿದರೆ ಇನ್ನೊಬ್ಬ ಸರಕ್ಕನೆ ಕೈಹಾಕಿ ತಿರುವುವುದು. ಅತ್ತೆ ಹಳದಿ ಛತ್ರಿಯನ್ನು ಬಿಟ್ಟು ಅಲ್ಲೇ ನಿಂತರು. ಕುಟ್ಟಿದ ಅನ್ನವನ್ನು ಉಂಡೆ ಮಾಡಿ ಬಿಸಿಬಿಸಿಯಾದ ಸಿಹಿ ಕಾಳಿನ ಸಾರಿನಲ್ಲಿ ಹಾಕಿ ಕೊಡುತ್ತಾರೆಂದು ಗೈಡವ್ವ ಹೇಳಿದರು. ನಾವೆಲ್ಲ ಒಳಗೆ ಕುಳಿತೆವು. ಬಟ್ಟಲು ಬಂತು. ಕೆಂಪು ಸಾರು, ನಡುವೆ ದುಂಡಗೆ ಬೆಳ್ಳನೆಯ ಉಂಡೆ. ಅತ್ತೆಯ ಮುಖ ಅರಳಿತು.

ಗೈಡವ್ವ ನನಗೆ ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳತೊಡಗಿದರು. ಇದು ಬಹಳ ಅಂಟು, ಚಿಕ್ಕಚಿಕ್ಕದಾಗಿ ಕಚ್ಚಿ ಚೆನ್ನಾಗಿ ಅಗಿಯಬೇಕು, ವಯಸ್ಸಾದವರ ಗಂಟಲಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಬರುವುದುಂಟು. ನಾನು ಅದನ್ನು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಊಟದ ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಬೆರಳಿನಲ್ಲಿ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ತಲೆ ಸ್ವಲ್ಪ ಮೇಲೆತ್ತಿ ನುಂಗಿಬಿಟ್ಟರು.

ಗೈಡವ್ವನ ಮುಖ ಬಿಳಿಚಿತು. ಅಂಗಡಿಯಾಕೆ ನೀರಿನ ಲೋಟ ಹಿಡಿದು ಓಡಿಬಂದರು. ಡಾಕ್ಟರು ಕುರ್ಚಿ ತಳ್ಳಿ ಎದ್ದು ಅತ್ತೆಯ ಬೆನ್ನ ಹಿಂದೆ ನಿಂತರು, ಗುದ್ದಲು ಕೈ ಸಿದ್ಧಮಾಡಿಕೊಂಡು. ಹೊರಗೆ ಕೊಡತಿಯ ಸದ್ದೂ ನಿಂತಿತು.

"ಅತ್ತೆ, ಅಗೀಬೇಕಂತೆ."

"ಮುದ್ದೇನಾ?" ಅತ್ತೆ ಸುತ್ತ ನೋಡಿದರು. "ಇವರ್ಗೆಲ್ಲ ಏನಾಯ್ತು? ಯಾಕಿಂಗ ನಿಂತವ್ರೆ?"

ಎರಡನೆಯ ತುತ್ತೂ ಹೋಯಿತು. ಮೂರನೆಯದಕ್ಕೆ ಗೈಡವ್ವ ಅತ್ತೆಯ ಮಣಿಕಟ್ಟು ಹಿಡಿದುಕೊಂಡು ಬೇಡಿಕೊಂಡರು. ಆಕೆಯ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ಅತ್ತೆ ಉಳಿದದ್ದನ್ನು ಅಗಿದು ತಿಂದರು. "ಅಗುದ್ರ ರುಚಿನೇ ಕೆಟ್ಟೋಯ್ತು" ಎಂದು ಆಮೇಲೆ ನನಗೊಬ್ಬಳಿಗೇ ಹೇಳಿದರು. ಬಸ್ಸು ಹತ್ತುವಾಗ ಡಾಕ್ಟರು ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದಾರಿಯುದ್ದಕ್ಕೂ ಆಗಾಗ ತಿರುಗಿ ನೋಡುತ್ತಿದ್ದರು.

ಪ್ರವಾಸದ ಕೊನೆಯ ತಂಗುದಾಣ ನಾಗಾನೋ ಕಡೆಯ ಬೆಟ್ಟದೂರು. ಹಿಂದೊಮ್ಮೆ ರೇಷ್ಮೆಗೆ ಹೆಸರಾಗಿದ್ದ ಸೀಮೆ ಅದು. ಬಸ್ಸಿಳಿದ ಕೂಡಲೇ ಅತ್ತೆ ಎದುರಿಗೆ ಬಂದ ಕನ್ನಡಕದ ಮುದುಕರನ್ನೆಲ್ಲ ನಿಂತು ದಿಟ್ಟಿಸಿದರು. ನಮ್ಮ ಮನೆಗೆ ಬಂದಿದ್ದ ಸಾಹೇಬರು ಅವರಲ್ಲಿ ಯಾರೂ ಆಗಿರಲಿಲ್ಲ. ಆದರೂ ಇಬ್ಬರು ಮುದುಕರು ಅತ್ತೆಗೆ ತಲೆಬಾಗಿ ಹೋದರು. ಅತ್ತೆ ಅದಕ್ಕೇ ಸಮಾಧಾನಪಟ್ಟರು.

ಅಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನ. ಹೆಂಗಸರಿಗೆ ಬೇರೆ ಕೊಳ, ಆದರೆ ಮೈಮೇಲೆ ಒಂದೆಳೆ ಬಟ್ಟೆಯೂ ಇರಬಾರದೆಂಬ ನಿಯಮ. ನಾನೇ ನಾಚಿ ಕೋಣೆಯಲ್ಲಿ ಉಳಿಯಲು ನೋಡುತ್ತಿದ್ದೆ. ಅತ್ತೆ ಮೊದಲು ಸೀರೆಯಲ್ಲೇ ಇಳಿಯುತ್ತೇನೆಂದರು, ಆಮೇಲೆ ಲಂಗವಾದರೂ ಇರಲಿ ಎಂದರು. ಗೈಡವ್ವ ಎರಡಕ್ಕೂ ನಯವಾಗಿ ಆಗದೆಂದು ತಲೆಯಾಡಿಸಿದರು. ಒಳಗೆ ಇಣುಕಿದಾಗ ಮೂವರು ಮುದುಕಿಯರು ಕತ್ತಿನವರೆಗೂ ನೀರಿನಲ್ಲಿ ಕುಳಿತು, ನೆತ್ತಿಯ ಮೇಲೆ ಮಡಿಸಿದ ಟವೆಲಿಟ್ಟುಕೊಂಡು ಹರಟುತ್ತಿದ್ದರು.

"ಅವ್ರೂ ನನ್ನಂಗೇ ಮುದ್ಕೀರು. ಯಾರ್ ನೋಡಾರು ಬುಡು," ಎಂದು ಅತ್ತೆ ಮುನ್ನಡೆದರು. ಸೊಸೆ ಹಿಂದೆ ಉಳಿಯುವಂತಿರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ, ಎದುರಿನ ಬೆಟ್ಟವನ್ನೇ ನೋಡುತ್ತ ಇಳಿದೆವು. ನೀರು ಸುಡುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಹೇಳಿದರು:

"ಬಾಣ್ಲೀಲಿ ಬೇಯೋವಾಗ ಗೂಡಿಗೆ ಏನಾಯ್ತದ ಅಂತ ಈಗ ಗೊತ್ತಾಯ್ತು ಕಣಮ್ಮಿ. ಇನ್ನೊಂಚೂರ್ ಬುಟ್ರ ನನ್ನ ಮೈಯಿಂದ್ಲೂ ನೂಲು ಬತ್ತದ."

ನಾನು ನಕ್ಕಿದ್ದಕ್ಕೆ ಮೂವರು ಮುದುಕಿಯರೂ ಅರ್ಥವಾಗದೆಯೇ ನಕ್ಕರು. ಮುಕ್ಕಾಲು ಗಂಟೆಯಾದರೂ ಅತ್ತೆಯನ್ನು ಮೇಲೆಬ್ಬಿಸಲು ಆಗಲಿಲ್ಲ.

ಅಂದಿನ ಊಟಕ್ಕೆ ಅತ್ತೆ ನೆಟ್ಟಗೆ ಕುಳಿತರು. ಮಂಡಿಯೂರಿ ಬಡಿಸಿದವರನ್ನು ಎಬ್ಬಿಸಲಿಲ್ಲ, ಬಟ್ಟಲು ಜೋಡಿಸಲಿಲ್ಲ. ಬಿಸಿನೀರು ಅವರ ಮೈಯಿಂದ ಏನನ್ನೋ ಇಳಿಸಿತ್ತು. ಆಗ ಒಂದು ಪುಟ್ಟ ತಟ್ಟೆಯಲ್ಲಿ ಕಂದು ಬಣ್ಣದ, ಹೊಳೆಯುವ, ಬೆರಳ ತುದಿಯಷ್ಟಿದ್ದ ಏನೋ ಬಂತು. ಡಾಕ್ಟರ ಹೆಂಡತಿ ಎರಡನ್ನು ಬಾಯಿಗೆ ಹಾಕಿಕೊಂಡು, "ಯಾವುದೋ ಬೀಜ, ಚೆನ್ನಾಗಿದೆ" ಎಂದರು.

ನನಗೆ ವಾಸನೆ ಮೊದಲು ತಾಗಿತು. ಸೋಯಾ, ಸಕ್ಕರೆಯ ಕೆಳಗೆ ಅಡಗಿದ್ದರೂ ಅದು ನಮ್ಮ ಹಿತ್ತಲ ವಾಸನೆ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಹುಳು. ನಮ್ಮೂರಿನಲ್ಲಿ ಅದನ್ನು ರಾಶಿ ಹಾಕುತ್ತಿದ್ದೆವು, ಕೋಳಿಗೆ ಹಾಕಲೆಂದು ಚೀಲ ತುಂಬಿಕೊಂಡು ಹೋಗುತ್ತಿದ್ದರು. ನವವಧುವಾಗಿ ಬಂದಾಗ ಆ ವಾಸನೆಗೆ ತಿಂಗಳುಗಟ್ಟಲೆ ನನಗೆ ಊಟ ಸೇರಿರಲಿಲ್ಲ.

ಅತ್ತೆಯೂ ನೋಡುತ್ತಿದ್ದರು. "ಇದು ನಮ್ಮ ಉಳ," ಎಂದರು.

"ಅತ್ತೆ, ಏನೂ ಹೇಳಬೇಡಿ."

ಆದರೆ ಡಾಕ್ಟರ ಹೆಂಡತಿ, "ನಿಮಗೆ ಗೊತ್ತಾ? ಏನದು?" ಎಂದು ಕೇಳಿಬಿಟ್ಟರು. ಅತ್ತೆ ತೋರುಬೆರಳನ್ನು ಮೇಜಿನ ಮೇಲೆ ಮಡಿಸಿ, ಬಿಚ್ಚಿ, ಮಡಿಸಿ, ಬಿಚ್ಚಿ, ಅವರ ತಟ್ಟೆಯವರೆಗೂ ಹರಿದಾಡಿಸಿದರು. ಆಕೆ ಮೂರನೆಯದನ್ನು ಕೆಳಗಿಟ್ಟು ಹೊರಗೆ ಹೋದರು. ಡಾಕ್ಟರು ಮಾತ್ರ ಮಿಕ್ಕಿದ್ದನ್ನೂ ಮುಗಿಸಿದರು.

ಗೈಡವ್ವ ನಮ್ಮ ಪಕ್ಕ ಬಂದು ಕುಳಿತು, ತಗ್ಗಿದ ದನಿಯಲ್ಲಿ ಹೇಳಿದರು. ಅವರ ಅಜ್ಜಿ ಈ ಸೀಮೆಯವರೇ, ಹುಡುಗಿಯಾಗಿದ್ದಾಗಲೇ ನೂಲಿನ ಗಿರಣಿಗೆ ಸೇರಿದವರು. ಆಗ ಮಾಂಸ ಕೊಳ್ಳುವ ಶಕ್ತಿ ಇರಲಿಲ್ಲ, ಇದನ್ನೇ ತಿಂದು ಬೆಳೆದರು. ಈಗ ಇಂಥ ದುಬಾರಿ ಜಾಗದಲ್ಲಿ ವಿಶೇಷವೆಂದು ಇಡುತ್ತಾರೆ.

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಗೈಡವ್ವನ ಕಡೆ ತಿರುಗಿದರು.

"ಅವ್ರಜ್ಜಿ ಕೈ ಎಂಗಿತ್ತು ಕೇಳು."

ನಾನು ಕೇಳಿದೆ. ಗೈಡವ್ವ ಉತ್ತರ ಹೇಳುವ ಮೊದಲೇ ಅತ್ತೆ ತಮ್ಮ ಬೆರಳುಗಳನ್ನು ಚಾಚಿದರು. ಕುದಿಯುವ ನೀರಿನಲ್ಲಿ ಎಳೆ ಹುಡುಕಿ ಹುಡುಕಿ ಬೆಂದು ಬಿಳಿಚಿದ, ತುದಿ ಸವೆದ ಬೆರಳುಗಳು. ಗೈಡವ್ವ ಅವನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ಹೀಗೇ," ಎಂದರು. ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

ಅತ್ತೆ ಚಟ್ನಿಪುಡಿ ಉದುರಿಸಿ, ಕಣ್ಣು ಮುಚ್ಚಿ ಒಂದು ಹುಳು ಬಾಯಿಗೆ ಹಾಕಿಕೊಂಡರು. ಇದನ್ನು ಮಾತ್ರ ಯಾರೂ ಹೇಳದೆಯೇ ಅಗಿದರು.

"ಸಕ್ರ ಜಾಸ್ತಿ ಆಯ್ತು," ಎಂದು ತೀರ್ಪು ಕೊಟ್ಟು, ಇನ್ನೊಂದಕ್ಕೆ ಪುಡಿ ಹಚ್ಚಿ ಗೈಡವ್ವನ ಬಾಯಿಗಿಟ್ಟರು. ಆಕೆಗೆ ಕೆಮ್ಮು ಹತ್ತಿ ಮೂಗು ಕೆಂಪಾಯಿತು. ಆದರೂ ಆಮೇಲೆ ಡಬ್ಬಿಯತ್ತ ತಾವೇ ಕೈ ಚಾಚಿದರು. ವಿಮಾನ ನಿಲ್ದಾಣದಲ್ಲಿ ಡಬ್ಬಿ ಗೈಡವ್ವನ ಪಾಲಾಯಿತು.

ಕೊಳ್ಳೇಗಾಲಕ್ಕೆ ಮರಳಿದ ಮೊದಲ ಬೆಳಿಗ್ಗೆ ನಾನು ಕಾಫಿ ತಂದಾಗ ಅತ್ತೆ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದರು.

"ಮಂಡಿ ಊರಿ ಕೊಡು."

ಊರಿದೆ. ತಲೆಯನ್ನೂ ಬಾಗಿಸಿದೆ. ಅತ್ತೆ ಕಾಫಿ ಚೆಲ್ಲುವಷ್ಟು ನಕ್ಕರು. ಮಾರನೆಯ ದಿನ ಅದೇ ಅಪ್ಪಣೆ ನನ್ನ ಗಂಡನಿಗಾಯಿತು. ಅವರು ಊರಿದ ಮಂಡಿ ಎತ್ತಲಾಗದೆ ಗೋಡೆ ಹಿಡಿದುಕೊಂಡು ಎದ್ದರು. ಶೆಡ್ಡಿನ ಹೆಂಗಸರು ಬಂದು, "ಅಲ್ಲೇನ್ ತಿಂದ್ರಿ ಅವ್ವೋ?" ಎಂದು ಕೇಳಿದರೆ, "ಅನ್ನ, ಮೀನು" ಎಂದಷ್ಟೇ ಹೇಳಿ ನನ್ನತ್ತ ಕಣ್ಣು ಬಿಟ್ಟರು. ನಾನು ಬಾಯಿ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಚಾಪೆ ಸುತ್ತಿ ಗೋಡೆಗೆ ಒರಗಿತ್ತು, ಅತ್ತೆ ಶೆಡ್ಡಿನಲ್ಲಿದ್ದರು. ಮಧ್ಯಾಹ್ನ ಒಳಗೆ ಬಂದವರು ಕೈತೊಳೆದು, ಒಲೆಯ ಮುಂದಿದ್ದ ನನ್ನನ್ನು ಎಬ್ಬಿಸಿದರು.

"ಕುಂತ್ಕ ಅತ್ಲಾಗಿ. ನಾ ಇಕ್ಕೀನಿ."

ಮುದ್ದೆ ಇಟ್ಟರು, ಸಾರು ಬಿಟ್ಟರು. ಮಂಡಿಯನ್ನೇನೂ ಊರಲಿಲ್ಲ.