ಬಾವಿಕಟ್ಟೆಯ ಮೇಲಿನ ತೆನೆ

ಕಂಡದ್ದನ್ನು ಮಾತ್ರ ನಂಬುವ ಚಟ ನನ್ನದು. ಕಲಬುರಗಿಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾ ಇಪ್ಪತ್ತು ವರ್ಷ ಕಳೆದಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ ಕಾಣದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಯಾರಾದರೂ ದೆವ್ವ, ಗಾಳಿ, ದೃಷ್ಟಿ ಎಂದು ಶುರು ಮಾಡಿದರೆ ಮೈ ಉರಿಯುತ್ತದೆ. ಇಂಥ ನಾನು ಕಮಲಾಪುರದ ನಮ್ಮ ಹೊಲದಲ್ಲಿ ವರ್ಷಕ್ಕೊಂದು ಮಧ್ಯಾಹ್ನ ಬಾವಿಗೆ ಬೆನ್ನು ಮಾಡಿ ಕೂತು, ಹಿಂದೆ ಯಾರೋ ಮೆಕ್ಕೆಜೋಳದ ತೆನೆ ತಿನ್ನುವ ಸದ್ದನ್ನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ ಎಂದರೆ ಲ್ಯಾಬಿನವರು ಬಿದ್ದು ಬಿದ್ದು ನಕ್ಕಾರು. ಅದಕ್ಕೇ ಅಲ್ಲಿ ಯಾರಿಗೂ ಹೇಳಿಲ್ಲ.

ನನ್ನ ಗಂಡನಿಗೊಬ್ಬ ತಮ್ಮನಿದ್ದ. ನಾನು ಈ ಮನೆಗೆ ಸೊಸೆಯಾಗಿ ಬರುವ ಮೂರು ವರ್ಷ ಮೊದಲು ಆ ಹೊಲದ ಬಾವಿಯಲ್ಲಿ ಮುಳುಗಿ ತೀರಿಕೊಂಡ. ಇಪ್ಪತ್ತು ದಾಟಿರಲಿಲ್ಲ. ಈಜು ಚೆನ್ನಾಗಿ ಬರುತ್ತಿತ್ತು, ಆದರೂ ಮೇಲೆ ಬರಲಿಲ್ಲ. ಶ್ರಾವಣ ಮುಗಿಯುತ್ತ ಬಂದ ದಿನಗಳವು, ಮೆಕ್ಕೆಜೋಳದ ಕಾಳಿಗೆ ಉಗುರು ಒತ್ತಿದರೆ ಹಾಲು ಚಿಮ್ಮುವ ಹೊತ್ತು. ಅವತ್ತು ನಮ್ಮ ಅತ್ತೆ ಬಾವಿಯ ಹತ್ತಿರವೇ ತೆನೆ ಸುಡುತ್ತಿದ್ದರಂತೆ. ಮೊದಲು ಸುಟ್ಟ ತೆನೆಗಾಗಿ ಅಣ್ಣ ತಮ್ಮ ಜಗಳಾಡಿದರು. ಅಣ್ಣ ಕಸಿದುಕೊಂಡು ತಿಂದ. ತಮ್ಮ ಮುಖ ಊದಿಸಿಕೊಂಡು, ಇನ್ನೊಂದು ಸುಡುವ ತನಕ ಈಜಿ ಬರುತ್ತೇನೆಂದು ಬಾವಿಗೆ ಧುಮುಕಿದ. ಇಷ್ಟೇ ಕಥೆ. ಇಷ್ಟನ್ನು ನನ್ನ ಗಂಡ ನನಗೆ ಒಂದೇ ಒಂದು ಸಲ ಹೇಳಿದ್ದಾರೆ, ಅದೂ ಗೋಡೆ ನೋಡುತ್ತಾ.

ಈಗ ನಾವಿರುವುದು ಶರಣಸಿರಸಗಿಯ ಕಡೆಯ ಹೊಸ ಬಡಾವಣೆಯಲ್ಲಿ. ಅತ್ತೆಯೂ ನಮ್ಮ ಜೊತೆಗೇ ಇದ್ದಾರೆ, ಹೊಲ ಪಾಲಿಗೆ ಕೊಟ್ಟಿದ್ದೇವೆ. ಆದರೆ ಆ ದಿನ ಬಂತೆಂದರೆ ಮೂವರೂ ಕಮಲಾಪುರಕ್ಕೆ ಹೋಗಲೇಬೇಕು, ತೆನೆ ಸುಡಲೇಬೇಕು. ಹಿಂದಿನ ದಿನವೇ ನನ್ನ ಓಡಾಟ ಶುರು. ಸೂಪರ್ ಮಾರ್ಕೆಟ್ ಎಂಬ ಪೇಟೆಬೀದಿಯಲ್ಲಿ ಆಟೋಗಳಿಂದ ಕಾಲು ಉಳಿಸಿಕೊಂಡು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆಹಣ್ಣು ಕೊಳ್ಳಬೇಕು. ಆಮೇಲೆ ಮೋಮಿನಪುರದ ಹಾಲಿನ ಅಂಗಡಿಗೆ ಹೋಗಿ ಎಮ್ಮೆಯ ಬೆಣ್ಣೆ ತರಬೇಕು. ಪ್ಯಾಕೆಟ್ಟಿನ ಬೆಣ್ಣೆಯನ್ನು ಅತ್ತೆ ಮುಟ್ಟುವುದಿಲ್ಲ. "ತಾಜಾ ಮಸ್ಕಾ ಅದ ಅಕ್ಕಾರ, ಮೂಸಿ ನೋಡ್ರಿ," ಎಂದು ಅಂಗಡಿಯ ಮುದುಕ ಪ್ರತಿವರ್ಷ ಅದೇ ಮಾತು ಹೇಳುತ್ತಾನೆ. ನಾನೂ ಪ್ರತಿವರ್ಷ ಮೂಸಿ ನೋಡುತ್ತೇನೆ.

ಬೆಣ್ಣೆಯ ಹದ ಮಾತ್ರ ಅತ್ತೆಯದು, ನನಗೆ ಬಿಡುವುದಿಲ್ಲ. ತೊಗರಿ ಕಟ್ಟಿಗೆ ಉರಿಸಿ ಕೆಂಡ ಮಾಡಿ, ಮೊದಲು ಅದರಲ್ಲಿ ಮೆಣಸಿನಕಾಯಿಯನ್ನೂ ಸಿಪ್ಪೆ ಸಮೇತ ಬೆಳ್ಳುಳ್ಳಿ ಗಡ್ಡೆಯನ್ನೂ ಸುಡುತ್ತಾರೆ. ಜೀರಿಗೆ, ಉಪ್ಪು, ಕೊತ್ತಂಬರಿ ಸೇರಿಸಿ ಕಲ್ಲಿನ ಮೇಲೆ ಜಜ್ಜಿ ಬೆಣ್ಣೆಯಲ್ಲಿ ಕಲೆಸುತ್ತಾರೆ, ಮೇಲೆ ನಿಂಬೆ ಹಿಂಡುತ್ತಾರೆ. ತೆನೆಯ ಸಿಪ್ಪೆಯನ್ನು ಕಿತ್ತೆಸೆಯುವುದಿಲ್ಲ. ಹಿಂದಕ್ಕೆ ಸರಿಸಿ, ಕೂದಲು ತೆಗೆದು, ಕಾಳಿಗೆ ಹಸಿರು ಬೆಣ್ಣೆ ಸವರಿ, ಮತ್ತೆ ಸಿಪ್ಪೆ ಮುಚ್ಚಿ, ಅದರದೇ ಒಂದು ಎಳೆ ಸೀಳಿ ಕಟ್ಟುತ್ತಾರೆ. ಕೆಂಡದಲ್ಲಿ ಸಿಪ್ಪೆ ಕರಕಾಗುವ ಹೊತ್ತಿಗೆ ಒಳಗಿನ ಕಾಳು ಬೆಣ್ಣೆಯಲ್ಲೇ ಬೆಂದಿರುತ್ತದೆ. ಕೊನೆಗೆ ಸಿಪ್ಪೆ ಬಿಚ್ಚಿ, ಬರಿ ತೆನೆಯನ್ನು ಕೆಂಡದ ಮೇಲೆ ಎರಡು ಸಲ ಹೊರಳಿಸಿ, ಮತ್ತೊಂದಿಷ್ಟು ಬೆಣ್ಣೆ ಹಚ್ಚುತ್ತಾರೆ. ಆ ವಾಸನೆಗೆ ನನ್ನಂಥ ಸಿಡುಕಿಯ ಬಾಯಲ್ಲೂ ನೀರು ಬರುತ್ತದೆ, ಸುಳ್ಳು ಹೇಳಲಾರೆ.

ಮೊದಲ ತೆನೆ ನಮಗಲ್ಲ. ಅದನ್ನು ಅತ್ತೆ ಮುತ್ತುಗದ ಎಲೆಯ ಮೇಲಿಟ್ಟು ಬಾವಿಕಟ್ಟೆಗೆ ಒಯ್ಯುತ್ತಾರೆ. ಇಟ್ಟ ಮೇಲೆ ಯಾರೂ ಆ ಕಡೆ ನೋಡಬಾರದು. ಸತ್ತವರಿಗೆ ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಬರುವುದು ನಮ್ಮ ಕಡೆಯ ಪದ್ಧತಿ. ಹೊಲದಲ್ಲಿ ಮುಚ್ಚಲು ಬಾಗಿಲಿಲ್ಲ, ಹಾಗಾಗಿ ಬೆನ್ನು ತಿರುಗಿಸಿ ಕೂರುತ್ತೇವೆ.

ಮದುವೆಯಾದ ವರ್ಷ ನಾನು ಅತ್ತೆಯ ಪಕ್ಕದಲ್ಲಿ ಬೇವಿನ ಗಿಡದ ಬುಡಕ್ಕೆ ಹಾಗೆ ಕೂತೆ. ಗಂಡ ಮೋಟಾರು ನೋಡಿ ಬರುತ್ತೇನೆಂದು ಆಗಲೇ ಎದ್ದು ಹೋಗಿದ್ದರು. ಗಾಳಿ ಇರಲಿಲ್ಲ. ಎದುರಿಗೆ ಮೆಕ್ಕೆಜೋಳದ ಬೆಳೆ ಒಂದು ಗರಿಯೂ ಅಲುಗದೆ ನಿಂತಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸದ್ದು ಬಂತು. ಹಲ್ಲಿನಿಂದ ಕಾಳು ಬಿಡಿಸುವ ಸದ್ದು, ಆಮೇಲೆ ನಿಧಾನವಾಗಿ ಅಗಿಯುವ ಸದ್ದು, ನಡುನಡುವೆ ಯಾರೋ ಪಿಸುಗುಟ್ಟಿದಂತೆ. ಅತ್ತೆಯ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಒಂದೊಂದು ಸದ್ದನ್ನೂ ಕೇಳಿಸಿಕೊಳ್ಳುತ್ತಿದ್ದರು. ಎಲ್ಲ ನಿಂತ ಮೇಲೆ ಎದ್ದು, "ತಿಂದ," ಎಂದರು. ಹೋಗಿ ನೋಡಿದರೆ ಎಲೆಯ ಮೇಲೆ ಬರಿ ದಿಂಡು ಇತ್ತು. ಅದರಲ್ಲಿ ಕಾಳಿನ ಎರಡು ಸಾಲು ಮಾತ್ರ ಬುಡದಿಂದ ತುದಿಯವರೆಗೆ ಹಾಗೇ ಉಳಿದಿದ್ದವು. ಕಾಗೆ, ಅಳಿಲು, ಕೋತಿ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೋತಿ ಎಲ್ಲಾದರೂ ಎರಡು ಸಾಲು ನೋಡಿ ಬಿಡುತ್ತದೆಯೇ?

ಏಳು ವರ್ಷ ಹೀಗೇ ಅಂಜಿಕೊಂಡು ಕೂತೆ. ಎಂಟನೆಯ ವರ್ಷ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಓದಿದವಳು, ಕೆಲಸಕ್ಕೆ ಹೋಗುವವಳು, ಇದೇನು ಹುಚ್ಚು ಎಂದುಕೊಂಡು ಸದ್ದು ಶುರುವಾದ ಕೂಡಲೇ ತಿರುಗಿ ನೋಡಿಬಿಟ್ಟೆ. ಬಾವಿಕಟ್ಟೆಯ ಮೇಲೆ ಕಾಲು ಒಳಗೆ ಇಳಿಬಿಟ್ಟು ಕೂತಿದ್ದವರು ನನ್ನ ಗಂಡ. ಒಂದು ತುತ್ತು ತಿನ್ನುವುದು, ನೀರಿನ ಕಡೆ ಬಗ್ಗಿ ಏನೋ ಹೇಳುವುದು, ಮತ್ತೆ ತಿನ್ನುವುದು. ನನ್ನ ನೋಟ ತಾಗಿತೋ ಏನೋ, ತಲೆ ಎತ್ತಿದರು. ಆ ಮುಖದ ಗುರುತು ನನಗೆ ಒಂದು ಗಳಿಗೆ ಸಿಗಲಿಲ್ಲ. ಬಾಯಿ ಅಗಿಯುತ್ತಲೇ ಇತ್ತು. ನಾನು ಸರಕ್ಕನೆ ಈ ಕಡೆ ತಿರುಗಿದೆ.

ಮರುದಿನ ಅಡುಗೆಮನೆಯಲ್ಲಿ ಅವರೇ ಮಾತು ತೆಗೆದರು. "ಮೊದಲನೇ ವರ್ಷ ತೆನಿ ಹಂಗೇ ಬಿದ್ದಿತ್ತು. ಅವ್ವ ನೋಡಿದಳು. ಮನಿಗಿ ಬಂದು ಮೂರು ದಿನ ಅನ್ನ ನೀರು ಮುಟ್ಟಲಿಲ್ಲ, ಸುಮ್ಮನ ಮಲಗಿದ್ದಳು. ಎರಡನೇ ವರ್ಷದಿಂದ ನಾನೇ ತಿಂತೀನಿ."

"ಆ ಎರಡು ಸಾಲು?"

"ಅಂವ ಹಂಗೇ ತಿಂತಿದ್ದ. ಗಿಳಿಗಿ ಅಂತ ಎರಡು ಸಾಲು ಬಿಡತಿದ್ದ. ಅವ್ವಗ ಹೇಳಬ್ಯಾಡ. ತೆನಿ ಉಳದ್ರ ಅವ್ವ ಉಳಿಯಂಗಿಲ್ಲ."

ನಾನು ಹೇಳಲಿಲ್ಲ. ದೆವ್ವ ಹೋಯಿತು, ಆದರೆ ನನ್ನ ಅಂಜಿಕೆ ಹೋಗಲಿಲ್ಲ. ತಮ್ಮನ ಹಾಗೆ ತಿನ್ನುತ್ತ, ಬಾವಿಯ ನೀರಿನ ಜೊತೆ ಮಾತಾಡುವ ಗಂಡನನ್ನು ನೆನೆದರೆ ದೆವ್ವವೇ ವಾಸಿ ಅನಿಸುತ್ತಿತ್ತು. ವರ್ಷ ಕಳೆದಂತೆ ಅತ್ತೆಗೆ ವಯಸ್ಸಾಯಿತು, ಮೈ ಬತ್ತಿತು, ಊಟ ತುತ್ತಿನ ಲೆಕ್ಕಕ್ಕೆ ಇಳಿಯಿತು. ಒಂದು ವರ್ಷ ತೆನೆ ಹಾಗೇ ಬಿದ್ದಿದ್ದರೆ ಈ ಜೀವ ಖಂಡಿತ ಉಳಿಯುವುದಿಲ್ಲ ಎಂದು ನನಗೂ ಅನಿಸತೊಡಗಿತು.

ಈ ವರ್ಷ ಸರಿಯಾಗಿ ಎರಡು ದಿನ ಮೊದಲು ನನ್ನ ಗಂಡನ ಹಲ್ಲು ಕೈಕೊಟ್ಟವು. ಡಾಕ್ಟರು ನಾಲ್ಕು ಹಲ್ಲು ಕಿತ್ತರು. ಗಲ್ಲ ಬಾತು, ಬಾಯಲ್ಲಿ ಹತ್ತಿ ತುರುಕಿಕೊಂಡು, ಗಂಜಿಗೂ ಒದ್ದಾಡುವ ಸ್ಥಿತಿ. ನಾವು ಹೊರಡುವಾಗ ಬಾಗಿಲ ಹಿಂದೆ ನನ್ನ ಕೈ ಹಿಡಿದು, "ನೀ ತಿನ್ನು. ಎರಡು ಸಾಲು ಬಿಡು, ಮರೀಬ್ಯಾಡ," ಎಂದರು. ನಾನು ಹೂಂ ಎಂದೆ. ಬೇರೆ ದಾರಿ ಇರಲಿಲ್ಲ.

ಕಮಲಾಪುರದಲ್ಲಿ ಬಸ್ಸಿಳಿದು, ಕೆಂಪು ಬಾಳೆಹಣ್ಣಿನ ಗಾಡಿಗಳನ್ನು ದಾಟಿ, ಆಟೋ ಹಿಡಿದು ಹೊಲಕ್ಕೆ ಹೋದೆವು. ಪಾಲಿನ ರೈತ ಹೆಂಡತಿ ಮಕ್ಕಳ ಸಮೇತ ಬೀಗರ ಊರಿಗೆ ಹೋಗಿದ್ದ. ಹೊಲದಲ್ಲಿ ನಾವಿಬ್ಬರೇ. ಅತ್ತೆ ಎಂದಿನಂತೆ ಬೆಣ್ಣೆ ಕಲೆಸಿದರು, ತೆನೆ ಸುಟ್ಟರು, ಎಲೆಯ ಮೇಲಿಟ್ಟು ಬಾವಿಕಟ್ಟೆಗೆ ಒಯ್ದರು, ಬಂದು ಬೆನ್ನು ಮಾಡಿ ಕೂತರು. "ನೀರು ತರತೀನ್ರಿ ಅತ್ತಿ," ಎಂದು ನಾನು ಕೊಡ ಎತ್ತಿಕೊಂಡು ಎದ್ದೆ. ಅವರು ಕಣ್ಣು ಮುಚ್ಚಿದ್ದರು.

ಬಾವಿಯ ನೀರು ಹಸಿರಾಗಿ ಕಟ್ಟೆಯ ಹತ್ತಿರದವರೆಗೂ ಏರಿತ್ತು. ನನ್ನ ಕಾಲನ್ನು ಒಳಗೆ ಇಳಿಬಿಡುವ ಧೈರ್ಯವಾಗಲಿಲ್ಲ. ಕುಕ್ಕರಗಾಲಲ್ಲಿ ಕೂತು ತೆನೆಗೆ ಬಾಯಿ ಹಾಕಿದೆ. ಬಿಸಿಯಿತ್ತು, ರುಚಿಯಿತ್ತು. ನಾಲ್ಕು ತುತ್ತಾದ ಮೇಲೆ ಗಮನಕ್ಕೆ ಬಂತು. ನಾನು ಅಗಿಯುವುದನ್ನು ನಿಲ್ಲಿಸಿದ ಮೇಲೂ ಅಗಿಯುವ ಸದ್ದು ಒಂದು ಕ್ಷಣ ಮುಂದುವರಿಯುತ್ತಿತ್ತು. ಮೆಕ್ಕೆಜೋಳದ ಒಳಗಿನಿಂದ. ಗರಿ ಗರಿಗೆ ಉಜ್ಜುತ್ತಿರಬೇಕು ಎಂದುಕೊಂಡೆ. ಗರಿಗಳು ಅಲುಗುತ್ತಿರಲಿಲ್ಲ. ಆಮೇಲೆ ನಾನು ಅಗಿಯಲೇ ಇಲ್ಲ, ನುಂಗಿದೆ. ಎರಡು ಸಾಲು ಬಿಟ್ಟು, ದಿಂಡನ್ನು ಎಲೆಯ ಮೇಲಿಟ್ಟು, ಕೊಡದಲ್ಲಿ ನೀರು ತುಂಬಿಕೊಂಡು ಓಡುವ ನಡಿಗೆಯಲ್ಲಿ ಬಂದೆ.

ಅತ್ತೆ ಹೋಗಿ ದಿಂಡು ನೋಡಿದರು. ತಿಂದ ಎನ್ನಲಿಲ್ಲ. ತಿರುಗಿ ಬಂದು ನನ್ನ ಎದುರು ನಿಂತರು.

"ಯವ್ವಾ, ಗದ್ದಕ್ಕ ಬೆಣ್ಣಿ ಹತ್ತ್ಯದ. ಒರಸಿಕೋ."

ಸೆರಗಿನಿಂದ ಗದ್ದ ಒರೆಸಿಕೊಂಡೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸುಳ್ಳು ಹೇಳುವ ಬದಲು, "ನಿಮಗ ಯಾವಾಗಿಂದ ಗೊತ್ರಿ?" ಎಂದು ಕೇಳಿದೆ.

"ಮೊದಲನೇ ಸಲ ದಿಂಡು ನೋಡಿದಾಗಿಂದ. ಸಣ್ಣಾಂವ ಒಂದು ಕಾಳೂ ಬಿಡತಿರಲಿಲ್ಲ, ದಿಂಡೂ ಚೀಪತಿದ್ದ. ಎರಡು ಸಾಲು ಬಿಡಾಂವ ನಿನ್ನ ಗಂಡ. ಯಾವುದು ತನ್ನದು, ಯಾವುದು ತಮ್ಮಂದು, ಅಂವಗ ಈಗ ತಿಳಿಯದಂಗ ಆಗ್ಯದ."

"ಮತ್ತ ಯಾಕ ಇಡತಿದ್ರಿ?"

ಅತ್ತೆ ಕೆಂಡದ ಪಕ್ಕ ಕೂತರು. "ಅವತ್ತಿನಿಂದ ನಿನ್ನ ಗಂಡ ನನ್ನ ಕೈಯಾಗಿಂದ ತೆನಿ ಇಸಗೊಂಡಿಲ್ಲ. ಮೊದಲನೇ ವರ್ಷ ಕೈಗಿ ಕೊಟ್ಟೆ, ಕೈ ಚಾಚಲಿಲ್ಲ. ಕಟ್ಟಿ ಮ್ಯಾಲ ಇಟ್ಟೆ, ಆಗೂ ತಿನ್ನಲಿಲ್ಲ. ಒಂದು ಮಗ ನೀರಾಗ ಹೋದ, ಇನ್ನೊಂದು ಹಿಂಗ ಹೋಗ್ತದ ಅಂತ ಮಲಗಿಬಿಟ್ಟೆ. ಮರುವರ್ಷ ಬೆನ್ನು ಮಾಡಿ ಕುಂತೆ. ತಿಂದ. ಬೆನ್ನು ಮಾಡಿದ್ರ ತಿಂತಾನ ಅಂದ್ರ ಬೆನ್ನು ಮಾಡಿ ಕುಂದರೋದು, ಅಷ್ಟೇ."

ಮುದುಕಿಯನ್ನು ನಾವು ಉಳಿಸುತ್ತಿದ್ದೇವೆ ಎಂದುಕೊಂಡಿದ್ದೆ. ಇಷ್ಟು ವರ್ಷ ಉಳಿಸಿಕೊಂಡಿದ್ದು ಅವರು. ನನ್ನ ಬುದ್ಧಿಯನ್ನು ನಾನೇ ಹಳಿದುಕೊಳ್ಳುತ್ತಿರುವಾಗಲೇ ಇನ್ನೊಂದು ಪ್ರಶ್ನೆ ಎದ್ದಿತು. "ಇವತ್ತು ಅವರು ಬಂದೇ ಇಲ್ಲಲ್ರೀ. ಇವತ್ತ್ಯಾಕ ಇಟ್ರಿ?"

ಅವರು ಕಡ್ಡಿಯಿಂದ ಕೆಂಡ ಕೆದಕಿದರು. "ಇಷ್ಟು ವರ್ಷ ಸಣ್ಣಾಂವಗ ಪಾಳಿನೇ ಬಂದಿಲ್ಲ ಯವ್ವಾ. ಇವತ್ತು ದೊಡ್ಡಾಂವ ಇಲ್ಲ, ಇವತ್ತರ ಬರತಾನೇನೋ ಅಂತ ಇಟ್ಟೆ."

ನನ್ನ ಬಾಯಲ್ಲಿದ್ದ ಬೆಳ್ಳುಳ್ಳಿಯ ರುಚಿ ಕಹಿಯಾಯಿತು. ಇಷ್ಟು ವರ್ಷಗಳಲ್ಲಿ ನಿಜವಾಗಿ ಸತ್ತವನಿಗೆಂದು ಇಟ್ಟ ಒಂದೇ ಒಂದು ತೆನೆ, ಅದನ್ನು ನಾನು ತಿಂದಿದ್ದೆ. ಅವತ್ತು ಅವನ ಪಾಲನ್ನು ಅಣ್ಣ ತಿಂದಿದ್ದ, ಇವತ್ತು ಅಣ್ಣನ ಹೆಂಡತಿ. ನನಗೆ ಅಳು ಬಂತು. ಅತ್ತೆ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ನಾನೇ ಎದ್ದು ಮೆಕ್ಕೆಜೋಳದ ಸಾಲಿನೊಳಗೆ ಹೋದೆ. ಎಲ್ಲಿಂದ ಸದ್ದು ಬಂದಿತ್ತೋ ಅಲ್ಲಿಂದಲೇ ಒಂದು ದಪ್ಪ ತೆನೆ ಮುರಿದೆ. ಬೆಣ್ಣೆ ಸವರಿ, ಸಿಪ್ಪೆ ಕಟ್ಟಿ, ಕೆಂಡ ಊದಿ ಸುಟ್ಟೆ. ಈ ಸಲ ಅತ್ತೆ ಕೈ ಹಾಕಲಿಲ್ಲ. ಹೊತ್ತು ಇಳಿಯುತ್ತಿತ್ತು. ಕಟ್ಟೆಯ ಮೇಲಿಟ್ಟು ಬಂದು ಅವರ ಪಕ್ಕ ಬೆನ್ನು ಮಾಡಿ ಕೂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಿಂದಿನಿಂದ ನೀರು ಕದಡಿದ ಸದ್ದಾಯಿತು, ಕಪ್ಪೆ ಇರಬೇಕು. ಅದರ ಬೆನ್ನಿಗೇ ಅಗಿಯುವ ಸದ್ದು. ನನ್ನ ಗಂಡನದರಂತೆ ನಿಧಾನದ್ದಲ್ಲ, ಹಸಿದವರ ಅವಸರದ್ದು. ಪಿಸುಮಾತಿಲ್ಲ. ಕೊನೆಗೆ ದಿಂಡು ಚೀಪುವ ಸದ್ದು, ಉದ್ದಕ್ಕೆ. ಅತ್ತೆ ನನ್ನ ಮುಂಗೈ ಹಿಡಿದರು.

"ತಿರುಗಬ್ಯಾಡ," ಎಂದರು. "ತಿನ್ನಲಿ."

ಕಂಡದ್ದನ್ನು ಮಾತ್ರ ನಂಬುವ ನಾನು ತಿರುಗಲಿಲ್ಲ. ದಿಂಡು ನೋಡಲೂ ಹೋಗಲಿಲ್ಲ. ಕೆಂಡಕ್ಕೆ ನೀರು ಹಾಕಿ, ಚಪ್ಪಲಿ ಮೆಟ್ಟಿ, ಇಬ್ಬರೂ ರಸ್ತೆಗೆ ನಡೆದೆವು. ಬಸ್ಸಿನಲ್ಲಿ ಅತ್ತೆ ಒಂದೇ ಮಾತು ಹೇಳಿದರು. "ನನಗ ಗೊತ್ತದ ಅಂತ ದೊಡ್ಡಾಂವಗ ಹೇಳಬ್ಯಾಡ. ಗೊತ್ತಾದ್ರ ಬರೂ ವರ್ಷ ತಿನ್ನಂಗಿಲ್ಲ."

ಮನೆಗೆ ಬಂದಾಗ ಇವರು ಬಾಗಿಲಲ್ಲೇ ಕಾದಿದ್ದರು. ಅತ್ತೆ ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ ಮಗನಿಗೆ ಗಂಜಿ ಬಿಸಿ ಮಾಡತೊಡಗಿದರು. ಇವರು ದನಿ ತಗ್ಗಿಸಿ ಕೇಳಿದರು.

"ತಿಂದಿ ಹೌದಲ್ಲ?"

"ಎರಡು ಇಟ್ಟಿದ್ವಿ," ಎಂದೆ. "ಒಂದು ನಾ ತಿಂದೆ."

ಅವರು ಬಾತ ಗಲ್ಲದ ಮೇಲೆ ಕೈ ಇಟ್ಟುಕೊಂಡು ಒಲೆಯ ಮುಂದಿದ್ದ ತಾಯಿಯ ಬೆನ್ನನ್ನೇ ನೋಡುತ್ತ ನಿಂತರು. ಇನ್ನೊಂದನ್ನು ಯಾರು ತಿಂದರೆಂದು ಕೇಳಲಿಲ್ಲ.