ಕುಂಕುಮ ಹೆಚ್ಚಿದೆ

ಜಾಗತೀಕರಣ ಎಂಬ ಪದವನ್ನು ನಾನು ಕಿವಿ ತುಂಬ ಕೇಳಿದ್ದು ಎರಡು ಸಾವಿರದ ಇಸವಿಯ ಆಚೀಚೆ, ಉಪ್ಪಿಟ್ಟು ಕಾಫಿ ಕೊಡುತ್ತಿದ್ದ ಸಭೆಗಳಲ್ಲಿ. ಆಗ ನಾನು ಸಿದ್ಧಾರ್ಥನಗರದಲ್ಲಿ ಪುಟ್ಟದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಕಂಪ್ಯೂಟರ್ ಬಂದರೆ ಬಡವರಿಗೂ ಲೋಕಕ್ಕೂ ನಡುವೆ ನಿಂತ ದಲ್ಲಾಳಿಗಳೆಲ್ಲ ಮಾಯವಾಗುತ್ತಾರೆ ಎಂದು ವೇದಿಕೆಯ ಮೇಲಿದ್ದವರು ಹೇಳುತ್ತಿದ್ದರು. ನಾನು ನಂಬಿದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ. ನಂಬಿದ್ದಕ್ಕೋ, ನಂಬಿಯೂ ಕೆಲಸ ಕೆಡಿಸಿದ್ದಕ್ಕೋ, ಅದು ಮಾತ್ರ ಸರಿಯಾಗಿ ಗೊತ್ತಿಲ್ಲ.

ನಮ್ಮ ಮನೆಗೆ ಕುಂಕುಮ ಕೊಡುತ್ತಿದ್ದ ಹೆಂಗಸೊಬ್ಬರು ಚಾಮುಂಡಿ ಬೆಟ್ಟದ ಪಾದದ ಹತ್ತಿರ ಒಂದು ಬೀದಿಯಲ್ಲಿದ್ದರು. ನೆರೆಮನೆಯ ನಾಲ್ವರನ್ನು ಜೊತೆಗಿಟ್ಟುಕೊಂಡು ಮನೆಯಲ್ಲೇ ಕುಂಕುಮ ಮಾಡುತ್ತಿದ್ದರು. ಅರಿಶಿನದ ಕೊಂಬನ್ನು ನಿಂಬೆರಸ, ಬಿಳಿಗಾರದಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಕುಂಕುಮ ಅದು. ಬೆಟ್ಟದ ಮೇಲಿನ ಅಂಗಡಿಯವನು ಅದನ್ನು ಕೊಂಡು, ಬಣ್ಣದ ಪುಡಿಯ ಜೊತೆ ಬೆರೆಸಿ ಮಾರುತ್ತಿದ್ದ. ಆಕೆಗೆ ಸಂಕಟವಿದ್ದದ್ದು ಅಲ್ಲೇ. "ನಾವು ಮಾಡಿದ್ದು ನಾವು ಮಾಡ್ದಂಗೇ ಒಬ್ರ ಹಣೆಗಾದ್ರೂ ಹೋಗ್ಬೇಕು ಸಾರ್" ಎಂದು ಒಮ್ಮೆ ಹೇಳಿದ್ದರು. ಆ ಮಾತೇ ನನ್ನನ್ನು ಹಿಡಿದುಕೊಂಡಿತು.

ಒಂದು ವೆಬ್‌ಸೈಟ್ ಮಾಡಿದೆ. ಕುಂಕುಮದ ಫೋಟೊ, ಐವರು ಹೆಂಗಸರ ಫೋಟೊ, ಪಕ್ಕದಲ್ಲಿ ಸ್ಟಾಕ್ ಎಷ್ಟಿದೆ ಎಂದು ತೋರಿಸುವ ಒಂದು ಚೌಕ. ಆ ಚೌಕದ ಬಗ್ಗೆ ನನಗೆ ಬಹಳ ಜಂಬ. ಪ್ರತಿ ಸೋಮವಾರ ಆಕೆ ಕಾಯಿನ್ ಬೂತಿನಿಂದ ಫೋನ್ ಮಾಡಿ ಹೇಳುವುದು, ನಾನು ಅದನ್ನು ಚೌಕದಲ್ಲಿ ತುಂಬುವುದು ಎಂದು ಏರ್ಪಾಡಾಯಿತು. ತಿಂಗಳುಗಟ್ಟಲೆ ಯಾರೂ ಅತ್ತ ತಲೆ ಹಾಕಲಿಲ್ಲ. ಕೊನೆಗೆ ಪರದೇಶದಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದ ಒಬ್ಬಾಕೆಯ ಇ-ಮೇಲ್ ಬಂತು. ಮೊದಲು ಒಂದು ಸಣ್ಣ ಡಬ್ಬಿ ತರಿಸಿಕೊಂಡರು. ಹಣೆ ಉರಿಯದ ಕುಂಕುಮವನ್ನು ಎಷ್ಟೋ ವರ್ಷದ ಮೇಲೆ ಇಟ್ಟುಕೊಂಡೆವೆಂದು ಅಲ್ಲಿನ ಗಿರಾಕಿಗಳು ಹೇಳಿದರಂತೆ. ಅದನ್ನು ಓದಿ ಹೇಳಿದಾಗ ಐವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಷಾಢದಲ್ಲಿ ಮತ್ತೆ ಪತ್ರ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ದೊಡ್ಡ ಪ್ರಮಾಣದಲ್ಲಿ ಬೇಕು, ನಿಮ್ಮಲ್ಲಿದ್ದರೆ ಮಾತ್ರ ನನ್ನ ಗಿರಾಕಿಗಳಿಗೆ ಮಾತು ಕೊಡುತ್ತೇನೆ, ಇದು ಸರಿಹೋದರೆ ಇನ್ನು ಮುಂದೆ ನಿಮ್ಮಿಂದಲೇ ತರಿಸುತ್ತೇನೆ ಎಂದಿತ್ತು. ಬೆಟ್ಟದ ಅಂಗಡಿಯವನ ಹಂಗು ಹರಿಯುವ ಹೊತ್ತು ಬಂತು ಎಂದುಕೊಂಡೆ. ಸೋಮವಾರ ಫೋನ್ ಬಂತು. ಹಿಂದೆ ಬಸ್ಸಿನ ಗದ್ದಲ.

"ಸಾರ್, ಕುಂಕುಮ ಹೆಚ್ಚ್‌ಬುಟ್ಟದೆ ಸಾರ್. ಅದ್ನೇ ಹೇಳಣ ಅಂತ ಮಾಡ್ದೆ."

"ಭೇಷ್ ಕಣಮ್ಮ!" ಎಂದೆ. ಆಕೆ ಮುಂದೇನೋ ಹೇಳಹೊರಟರು, ಕಾಯಿನ್ ಮುಗಿದು ಲೈನ್ ಹೋಯಿತು. ಚೌಕದಲ್ಲಿ 'ಧಾರಾಳವಾಗಿದೆ' ಎಂದು ಇಂಗ್ಲಿಷಿನಲ್ಲಿ ಬರೆದೆ. ಪರದೇಶದಾಕೆಗೂ ಹಾಗೆಯೇ ತಿಳಿಸಿದೆ. ಎರಡೇ ದಿನಕ್ಕೆ ಆರ್ಡರ್ ಬಂತು. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿಕೊಂಡು ಮದುವೆಗೆ ಹೊರಟವನಂತೆ ಹೊರಟೆ.

ಹೋಗಿ ನೋಡಿದರೆ ಡಬ್ಬಗಳೆಲ್ಲ ತೊಳೆದು ಬೋರಲು ಹಾಕಿವೆ. ಆಷಾಢ ಶುಕ್ರವಾರದ ಜನಜಂಗುಳಿಗೆಂದು ಬೆಟ್ಟದ ಅಂಗಡಿಯವನು ಇದ್ದಬದ್ದದ್ದನ್ನೆಲ್ಲ ಹೊತ್ತುಕೊಂಡು ಹೋಗಿದ್ದ. ಹೊಸದಾಗಿ ನೆನೆಹಾಕಿದ ಕೊಂಬು ಮೋಡದ ಥಂಡಿಗೆ ಒಣಗದೆ ಚಾಪೆಯ ಮೇಲೆ ಹಾಗೇ ಬಿದ್ದಿತ್ತು.

"ಹೆಚ್ಚಿದೆ ಅಂದ್ರಲ್ಲಮ್ಮ!" ಎಂದು ಕೂಗಿದೆ.

"ಹೂಂ ಸಾರ್, ಹೆಚ್ಚಿದ್ದಕ್ಕೇ ಫೋನ್ ಮಾಡ್ದೆ."

"ಮುಗಿದಿದೆ ಅಂತ ಹೇಳೋಕೇನಾಗಿತ್ತು?"

ಐವರೂ ಬೆಚ್ಚಿದರು. ಒಬ್ಬರು ತಾಳಿ ಮುಟ್ಟಿಕೊಂಡರು. "ಬುಡ್ತು ಅನ್ನಿ ಸಾರ್" ಎಂದರು ಆಕೆ, ಮೆಲ್ಲಗೆ. "ಕುಂಕುಮನ ಯಾರಾದ್ರೂ ಅಂಗಂತಾರಾ?"

ನಾನು ಸುಮ್ಮನಾಗಲಿಲ್ಲ. ಬಿಸಿಲಿಗಿಟ್ಟು ಬೇಗ ಒಣಗಿಸಿ ಎಂದೆ. ಬಿಸಿಲೆಲ್ಲದೆ ಸಾರ್, ಇದ್ರೂ ಬಣ್ಣ ಕಂದೋಯ್ತದೆ ಎಂದರು. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ದೇವರಾಜ ಮೊಹಲ್ಲಾದಿಂದ ಬಣ್ಣದ ಪುಡಿ ತಂದು ಬೆರೆಸೋಣ, ಇದೊಂದು ಸಲ, ಎಂದೆ. ಆಕೆ ನನ್ನ ಮುಖವನ್ನೇ ನೋಡಿದರು. "ಅದ್ಕೆ ಬೆಟ್ಟದ ಮ್ಯಾಲಿನೋನೇ ಸಾಕಲ್ವಾ ಸಾರ್" ಎಂದರು. ಖಾಲಿ ಪೆಟ್ಟಿಗೆಗಳ ಜೊತೆ ಅದೇ ಆಟೋದಲ್ಲಿ ಹಿಂದಿರುಗಿದೆ.

ಪರದೇಶದಾಕೆಗೆ ನಡೆದದ್ದನ್ನು ವಿವರಿಸಲು ಕೂತೆ. ನಮ್ಮಲ್ಲಿ ಕೆಲವು ಶುಭದ ವಸ್ತು ತೀರಿದಾಗ, ಮುಗಿಯಿತು ಎನ್ನಬಾರದೆಂದು ಹೆಚ್ಚಿದೆ ಎನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆದು ಓದಿಕೊಂಡರೆ ಕಳ್ಳನ ನೆಪದ ಹಾಗೆ ಕಂಡಿತು. ಅಳಿಸಿದೆ. ಕ್ಷಮಿಸಿ, ಸ್ಟಾಕ್ ಇಲ್ಲ ಎಂದಷ್ಟೇ ಕಳಿಸಿದೆ. 'ಹಾಗಾದರೆ ಧಾರಾಳವಾಗಿದೆ ಎಂದು ಸುಳ್ಳು ಹೇಳಿದ್ದು ಯಾಕೆ?' ಎಂದು ಒಂದೇ ಸಾಲಿನ ಉತ್ತರ. ಆಮೇಲೆ ಅವರಿಂದ ಪತ್ರವೇ ಇಲ್ಲ.

ಒಂದು ವಾರ ಕಂಡವರ ಮೇಲೆಲ್ಲ ರೇಗಾಡಿದೆ. ಈ ಜನ ಉದ್ಧಾರ ಆಗೋದಿಲ್ಲ, ಮೂಢನಂಬಿಕೆ, ಎರಡು ಅಕ್ಷರ ನೆಟ್ಟಗೆ ಹೇಳಲು ಬರುವುದಿಲ್ಲ ಎಂದೆಲ್ಲ ಬಾಯಿಗೆ ಬಂದದ್ದು ಬೈದೆ. ಅಂಥದೇ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ರೀ, ಉಪ್ಪು ಹೆಚ್ಚಿದೆ ಕಣ್ರೀ." ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ. ಉಪ್ಪಿನ ಪೊಟ್ಟಣ ಕೈಗೆ ಬಂದ ಮೇಲೆ ಕಾಲುಗಳು ಅಲ್ಲೇ ನಿಂತವು. ಹುಟ್ಟಿದಾಗಿನಿಂದ ಅರ್ಥವಾಗುತ್ತಿದ್ದ ಮಾತು ಅದು. ಆ ದರಿದ್ರ ಚೌಕದ ಮುಂದೆ ಕೂತಾಗ ಮಾತ್ರ ನನಗೆ ಕನ್ನಡ ಮರೆತುಹೋಗಿತ್ತು. ಬಡವರನ್ನು ಲೋಕಕ್ಕೆ ಸೇರಿಸುತ್ತೇನೆಂದು ಹೊರಟು, ಆ ಎರಡರ ನಡುವೆ ನಿಂತ ಇನ್ನೊಬ್ಬ ದಲ್ಲಾಳಿ ನಾನೇ ಆಗಿದ್ದೆ. ಬೆಟ್ಟದವನು ಬಣ್ಣ ಬೆರೆಸಿ ಕೆಡಿಸಿದ, ನಾನು ಮಾತನ್ನು ಕೆಡಿಸಿದೆ.

ಶ್ರಾವಣ ಕಳೆದ ಮೇಲೆ ಆಕೆಯ ಮನೆಗೆ ಹೋದೆ. ತಪ್ಪು ನನ್ನದು ಎಂದೆ. ಆಕೆ ಜರಡಿ ಹಿಡಿಯುತ್ತಿದ್ದರು. ಮೊಣಕೈವರೆಗೂ ಕೆಂಪು. ಬೆಟ್ಟದ ಅಂಗಡಿಗೇ ಅದು ಎಂದು ಕೇಳದೆಯೇ ಗೊತ್ತಾಯಿತು.

"ಕಂಪ್ಯೂಟರ್‌ನಲ್ಲಿ ನಮ್ ಅಂಗ್ಡಿ ಈಗ್ಲೂ ಅದಾ ಸಾರ್?"

"ಇಲ್ಲಮ್ಮ. ಮುಚ್ಚಿಬಿಟ್ಟೆ."

ಆಕೆಯ ಕೈ ನಿಂತಿತು. "ಕುಂಕುಮ ಇಟ್ಟಿದ್ದ ಅಂಗ್ಡಿ ಸಾರ್. ಮುಚ್ದೆ ಅನ್ಬ್ಯಾಡಿ. ಹೆಚ್ತು ಅನ್ನಿ."

"ಹೆಚ್ಚಿತಮ್ಮ" ಎಂದೆ.