ಹೆಡೆಯಿಲ್ಲದ ಹಾವು

ಬೀಳಗಿಯ ಮಕ್ಕಳು ನನ್ನ ತಂಗಿಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ನಾಗಿಣಿ ಟೀಚರ್’ ಎನ್ನುತ್ತಿದ್ದರು. ಅವಳು ಅಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಮೂರನೆಯ ತರಗತಿಗೆ ಕಲಿಸುತ್ತಿದ್ದಳು. ಆದರೆ ಅವಳಿಗೆ ಹೆಸರು ಬಂದದ್ದು ಪ್ರತಿ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಹೆಣ್ಣುಮಕ್ಕಳಿಂದ ಮಾಡಿಸುತ್ತಿದ್ದ ಹಾವಿನ ಕುಣಿತದಿಂದ. ಎರಡೂ ಕೈ ನೆತ್ತಿಯ ಮೇಲೆ ಜೋಡಿಸಿ, ಅಂಗೈ ಅಗಲ ಮಾಡಿ ಹೆಡೆ ಎತ್ತುವುದನ್ನು ಅವಳೇ ಮುಂದೆ ನಿಂತು ತೋರಿಸುತ್ತಿದ್ದಳು. ಒಮ್ಮೆ ಮುಧೋಳದ ಸ್ಪರ್ಧೆಯಲ್ಲಿ ಅವಳ ಮಕ್ಕಳಿಗೆ ಮೊದಲ ಬಹುಮಾನ ಬಂತು. ಆ ದಿನ ಬಸ್ಸಿನ ತುಂಬ ಹನ್ನೆರಡು ಪುಟ್ಟ ನಾಗಿಣಿಯರು ನಿದ್ದೆ ಮಾಡುತ್ತ ಬಂದರಂತೆ.

ಅವಳ ಈ ಹುಚ್ಚು ಶುರುವಾದದ್ದು ಜಮಖಂಡಿಯ ಒಂದು ಟಾಕೀಜಿನಲ್ಲಿ. ನನಗೆ ಆಗ ಎಂಟು ವರ್ಷ, ಅವಳಿಗೆ ಐದು. ನೀರಾವರಿ ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪ ನಾಗರಪಂಚಮಿಯ ಮರುದಿನ ನಮ್ಮನ್ನು ಹಾವಿನ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಟಿಕೆಟ್ ಕಿಟಕಿಯ ಪಕ್ಕ ಮಣ್ಣಿನ ನಾಗಪ್ಪನನ್ನು ಇಟ್ಟು, ಮುಂದೆ ಹಾಲಿನ ಬಟ್ಟಲು ಇಟ್ಟಿದ್ದರು. ಹೆಂಗಸರು ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದರು. ಪರದೆಯ ಮೇಲಿನ ಹಾವು ತನ್ನ ಜೋಡಿಯನ್ನು ಕೊಂದವನ ಮುಖವನ್ನು ಕಣ್ಣಿನಲ್ಲಿ ಹಿಡಿದಿಟ್ಟುಕೊಂಡಿತು, ಹೆಣ್ಣಿನ ರೂಪ ತಾಳಿತು, ಕೊನೆಗೆ ಒಬ್ಬ ಒಳ್ಳೆಯವನಿಗೆ ಏರಿದ ವಿಷವನ್ನು ತಾನೇ ಬಂದು ಹೀರಿ ಪ್ರಾಣ ಉಳಿಸಿತು. ತಿರುಗಿ ಬರುವಾಗ ಬಸ್ಸಿನಲ್ಲಿ ತಂಗಿ ಕೇಳಿದಳು:

“ಅಪ್ಪಾ, ನಮ್ಮ ಫೋಟೋನೂ ಅದರ ಕಣ್ಣಾಗ ಬಂದೈತೇನು?”

“ನಾವೇನ ಮಾಡೇವಿ ಅದಕ್ಕ? ಸುಮ್ನ ಮಲಗು” ಎಂದ ಅಪ್ಪ.

ನಮ್ಮದು ಬೀರೇಶ್ವರನ ಒಕ್ಕಲು. ಅಪ್ಪನ ಅಪ್ಪ ಕುರಿ ಕಾಯುತ್ತ ವರ್ಷದ ಎಂಟು ತಿಂಗಳು ಹೊಲಗಳಲ್ಲೇ ಮಲಗಿದವನು. ಯಾವ ಹಾವು ಯಾವ ಹೊತ್ತಿಗೆ ಹೊರಡುತ್ತದೆ, ಯಾವುದು ಬಿಸುಪು ಹುಡುಕಿಕೊಂಡು ಕಂಬಳಿಯೊಳಗೆ ಬರುತ್ತದೆ ಎಲ್ಲ ಗೊತ್ತಿತ್ತು ಅವನಿಗೆ. ನಾವು ಕೇಳಲಿಲ್ಲ. ಅಜ್ಜನ ಹಾವುಗಳಲ್ಲಿ ಕಥೆ ಇರಲಿಲ್ಲ. ಅವು ಸುಮ್ಮನೆ ಇರುತ್ತಿದ್ದವು, ಸುಮ್ಮನೆ ಹೋಗುತ್ತಿದ್ದವು. ಅಜ್ಜ ಸತ್ತ, ಕೆಲವು ವರ್ಷಕ್ಕೆ ಅಪ್ಪನೂ ಸತ್ತ. ನನಗೆ ಬಾಡಗಂಡಿಯ ಹತ್ತಿರ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕೆಲಸ ಸಿಕ್ಕಿತು. ತಂಗಿ ಶಾಲೆಗೆ ಸೇರಿದಳು. ಮನೆಯಲ್ಲಿ ನಾನು, ಅವಳು, ಅವ್ವ, ಎರಡು ಎಮ್ಮೆ.

ಸಂಜೆ ಟಿವಿಯಲ್ಲಿ ಹಾವಿನ ಧಾರಾವಾಹಿ ಬರುತ್ತಿತ್ತು. ಅವ್ವನಿಗೆ ಕಥೆ ತಪ್ಪಿದರೆ ತಂಗಿ ರೊಟ್ಟಿ ಬಡಿಯುತ್ತಲೇ ಬಿಡಿಸಿ ಹೇಳುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ನಗುತ್ತಿದ್ದೆ. ನಗುತ್ತಿದ್ದೆ, ಆದರೂ ಅಲ್ಲಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಆ ವರ್ಷ ಗ್ಯಾದರಿಂಗಿಗೆ ಹೊಸ ಬಟ್ಟೆ ಬೇಕೆಂದು ಅವಳು ಹಟ ಹಿಡಿದಳು. ಒಂದು ಭಾನುವಾರ ಬೈಕಿನ ಮೇಲೆ ಜಮಖಂಡಿ ಹಾಯ್ದು ಬನಹಟ್ಟಿಗೆ ಹೋದೆವು. ಅಂಗಡಿಯ ಹಿಂದೆಯೇ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಅಂಗಡಿಯವನು ಥಾನು ಬಿಚ್ಚುತ್ತ ಕೇಳಿದ: “ಯಾತಕ್ಕ ಬೇಕ್ರೀ ಅಕ್ಕಾರ? ಬ್ಲೌಸಿಗೇನು?”

“ಹಾವಿಗ್ರೀ.”

“ಆಂ?”

“ಹಾವಿಗೆ!” ಎಂದು ಕೂಗಿದಳು. ಅದೇ ಗಳಿಗೆಯಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅವಳ ಕೂಗು ಓಣಿಯುದ್ದಕ್ಕೂ ಕೇಳಿಸಿತು. ಎದುರಿನ ಚಹಾದಂಗಡಿಯವರು ಎದ್ದು ನಿಂತು ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬೆಳಕು ಬಿದ್ದರೆ ಮಿಂಚುವ ಕರಿ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಊರತನಕ ನಗುತ್ತಲೇ ಬಂದಳು.

ಕಾರ್ಖಾನೆಯ ಹಂಗಾಮು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು, ಕಾಟಾದ ಮೇಲೆ ಒಬ್ಬ ತಡವಾಗಿ ಬಂದರೂ ರಸ್ತೆತನಕ ಗದ್ದಲ. ಆ ಮುಂಜಾನೆ ನಾನು ಏಳುವ ಹೊತ್ತಿಗೆ ತಂಗಿ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

“ಯಾಕಬೇ?”

“ಹೊಟ್ಟಿ ಹಿಂಡಾಕತ್ತೈತಿ ಅಣ್ಣಾ. ನಸಿಕಿನ್ಯಾಗಿಂದ ಹಿಂಗ.”

ಅವ್ವ ಅಜವಾನ ಕುದಿಸಿ ಕೊಟ್ಟು ಎಮ್ಮೆ ಹಿಂಡಲು ಹಿತ್ತಲಿಗೆ ಹೋದಳು. ವಾರದಿಂದ ಶಾಲೆಯಲ್ಲಿ ಕುಣಿತದ ತಾಲೀಮು ನಡೆದಿತ್ತು. ದಣಿದಿದ್ದಾಳೆ, ಹೊತ್ತಿಗೆ ಸರಿಯಾಗಿ ಉಂಡಿಲ್ಲ, ಅದಕ್ಕೇ ಹೀಗೆ ಎಂದುಕೊಂಡೆವು. ನಾನು ಅವಳ ಹಾಸಿಗೆ ಮಡಚಲು ಕೌದಿ ಎತ್ತಿದೆ.

ಕೆಳಗೆ ಹಾವು ಇತ್ತು.

ಕಿರುಬೆರಳಿಗಿಂತ ತುಸು ದಪ್ಪ. ಕರ್ರಗೆ ಮಿಂಚುವ ಮೈ, ಅಡ್ಡಡ್ಡ ಸಣ್ಣ ಬಿಳಿ ಗೆರೆ. ಕೌದಿ ತೆಗೆದರೂ ಅದು ಬುಸ್ಸೆನ್ನಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಬೆಳಕಿಗೆ ನಾಚಿದಂತೆ ತನ್ನ ಸುರುಳಿಯೊಳಗೇ ಮುಖ ಮುಚ್ಚಿಕೊಂಡಿತು. ತಂಗಿಯೂ ಬಗ್ಗಿ ನೋಡಿದಳು.

“ನಾಗರಹಾವ ಅಲ್ಲ ಇದು” ಎಂದಳು. “ಹೆಡಿನ ಇಲ್ಲ.”

“ಹೆಡಿ ಇಲ್ಲದ್ದು ಏನ ಮಾಡತೈತಿ? ಕಚ್ಚೈತೇನ ನಿನಗ?”

ಅವಳು ಕೈಕಾಲು ತಿರುವಿ ನೋಡಿಕೊಂಡಳು. ರಕ್ತ ಇರಲಿಲ್ಲ, ಬಾವು ಇರಲಿಲ್ಲ, ಉರಿ ಇರಲಿಲ್ಲ. ಬಲಗೈ ಮೊಣಕೈ ಹತ್ತಿರ ಸೊಳ್ಳೆ ಕಡಿದಂಥ ಎರಡು ಚುಕ್ಕೆ. ಅದನ್ನು ಇಬ್ಬರೂ ನೋಡಿದೆವು. ಹಾವು ಕಚ್ಚಿದರೆ ಹೇಗಿರುತ್ತದೆ ಎಂದು ನಮಗೆ ಗೊತ್ತಿತ್ತಲ್ಲ! ಕಚ್ಚಿಸಿಕೊಂಡವರು ಚೀರುತ್ತಾರೆ, ಮೈ ನೀಲಿಯಾಗುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಇವಳು ಎದುರಿಗೆ ಕೂತು ಮಾತಾಡುತ್ತಿದ್ದಳು.

ನಾನು ಕೋಲಿನಿಂದ ಹಾವನ್ನು ಎತ್ತಿ ಬೇಲಿಯಾಚೆ ಒಗೆದು ಬಂದೆ. “ನೋಡ್ಲೇ, ಗ್ಯಾದರಿಂಗಿಗೆ ಖರೆ ನಾಗಿಣಿನ ಬಂದಿತ್ತು” ಎಂದೆ. ಅವಳು ನಕ್ಕಳು. ನಗುವಾಗ ಅವಳ ಕಣ್ಣಿನ ರೆಪ್ಪೆಗಳು ಅರ್ಧ ಇಳಿದೇ ಇದ್ದವು. ನಿದ್ದೆ ಎಂದುಕೊಂಡೆ.

“ಅವ್ವಗ ಹೇಳಬ್ಯಾಡ” ಎಂದೆ. “ಹಾಲು, ಪೂಜಿ, ಗುಡಿ ಅಂತ ಹೊಂಟಳಂದ್ರ ನನ್ನ ಡ್ಯೂಟಿ ಹೋಗತೈತಿ.”

“ಇಲ್ಲ. ನೀ ಹೋಗಣ್ಣ” ಎಂದಳು. ಅವಳು ನನಗೆ ಸರಿಯಾಗಿ ಆಡಿದ ಕೊನೆಯ ಮಾತು ಅದು. ನಾನು ಹೋದೆ.

ಅವ್ವನ ಫೋನು ಬಂದಾಗ ಕಾಟಾದ ಮೇಲೆ ಟ್ರ್ಯಾಕ್ಟರು ನಿಂತಿತ್ತು. “ತಮ್ಮಾ, ಇಕಿ ಮಾತ ತೊದಲಾಕತ್ತೈತಿ. ಕಣ್ಣ ತಗಿ ಅಂದ್ರ ತಗೀವಲ್ಲಳು” ಎಂದಳು. ಅಷ್ಟು ಕೇಳಿದ್ದೇ ಬೇಲಿಯಾಚೆ ಒಗೆದದ್ದು ನನ್ನ ಕಣ್ಣ ಮುಂದೆ ಬಂತು. ಕೈಯೊಳಗಿನ ಚೀಟಿ ಅಲ್ಲೇ ಬಿಟ್ಟು ಓಡಿದೆ. ಬೈಕ್ ಹೇಗೆ ಹೊಡೆದೆನೋ ಗೊತ್ತಿಲ್ಲ. ಓಣಿಯವರ ಗಾಡಿಯಲ್ಲಿ ಹಾಕಿಕೊಂಡು ಬೀಳಗಿಯ ಆಸ್ಪತ್ರೆ ಮುಟ್ಟಿಸಿದೆವು. ಅವಳಿಗೆ ಉಗುಳು ನುಂಗಲಾಗದೆ ಅದು ಕಟವಾಯಿಯಿಂದ ಇಳಿಯುತ್ತಿತ್ತು.

ವೈದ್ಯರು ಅವಳ ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ನೋಡಿದರು. ಮೊಣಕೈಯ ಚುಕ್ಕೆಗಳನ್ನು ನೋಡಿದರು. ನನ್ನನ್ನು ಬಾಗಿಲಾಚೆ ಕರೆದು ಕೇಳಿದರು: “ಹಾವ ನೋಡೀರೇನ್ರೀ?”

ನಾನು ಹೇಳಿದೆ. ಕರ್ರಗೆ, ಬಿಳಿ ಗೆರೆ, ಹೆಡೆ ಇರಲಿಲ್ಲ.

“ಕಟ್ಟುಹಾವು” ಎಂದರು. “ನಾಗರಹಾವಿಗಿಂತ ಕೆಟ್ಟ ವಿಷ ಅದರದು. ಕಚ್ಚಿದ್ದ ಗೊತ್ತಾಗೂದಿಲ್ಲ. ಎಷ್ಟೊತ್ತಿಗೆ ನೋಡಿದ್ರಿ?”

“ಮುಂಜಾನಿ ಏಳಕ್ಕ.”

ಅವರು ಗೋಡೆಯ ಗಡಿಯಾರ ನೋಡಿದರು. ಔಷಧ ಏರಿಸಲು ಹಚ್ಚಿ, ಉಸಿರಿನ ಯಂತ್ರ ಬೇಕಾಗುತ್ತದೆ ಎಂದು ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಕಳಿಸಿದರು. ಹತ್ತುವಾಗ ನನ್ನ ಭುಜ ಹಿಡಿದು ಹೇಳಿದರು: “ಕಣ್ಣ ಮುಚ್ಯಾವಂತ ಎಚ್ಚರ ಇಲ್ಲ ಅನಕೋಬ್ಯಾಡ್ರಿ. ಎಲ್ಲಾ ಕೇಳಸ್ತಿರತೈತಿ ಅವರಿಗೆ. ಮಾತಾಡ್ರಿ.”

ಒಬ್ಬ ಸಹಾಯಕ ಅವಳ ಬಾಯಿಯ ಮೇಲೆ ಮುಖವಾಡ ಒತ್ತಿ ಗಾಳಿಯ ಚೀಲ ಹಿಂಡುತ್ತಿದ್ದ. ನಾನು ಅವಳ ಕೈ ಹಿಡಿದುಕೊಂಡಿದ್ದೆ. ತಪ್ಪಾಯಿತು ಎನ್ನಬೇಕಿತ್ತು. ಆದರೆ ಎದುರಿಗೆ ಅವ್ವ ಕೂತಿದ್ದಳು. ಅವ್ವನಿಗೆ ಹಾವು ಕಚ್ಚಿದ್ದಷ್ಟೇ ಗೊತ್ತು, ನಾನು ಕಂಡದ್ದು ಗೊತ್ತಿಲ್ಲ. “ಶಾಲಿಗೆ ಫೋನ್ ಮಾಡೇನಿಬೇ, ತಾಲೀಮು ನಾಳಿಗೆ ಅಂತ ಹೇಳೇನಿ” ಎಂದೆ ತಂಗಿಗೆ. ಫೋನೂ ಮಾಡಿರಲಿಲ್ಲ.

ಅವ್ವ ಕೈ ಮುಗಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು: “ನಾಗಪ್ಪಾ, ನಿನ್ನ ವಿಷ ನೀನ ಬಂದು ತಗೋ. ನನ್ನ ಮಗಳ ಏನ ಮಾಡ್ಯಾಳ ನಿನಗ? ಬಂದು ತಗೋ.” ಬರೆಯಲು ನಾಚಿಕೆಯಾಗುತ್ತದೆ: ಹತ್ತು ವರ್ಷ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ನಾನು ಕಿಟಕಿಯಿಂದ ರಸ್ತೆಯ ಬದಿ ನೋಡತೊಡಗಿದೆ. ಕಬ್ಬಿನ ಸಾಲಿನಿಂದ ಏನೋ ಹೊರಬಂದು ನಮ್ಮ ಗಾಡಿಯ ಬೆನ್ನು ಹತ್ತುತ್ತದೆ ಎಂದು ಖರೆಯಾಗಿಯೂ ಕಾದೆ.

ಅವಳ ಮುಚ್ಚಿದ ಕಣ್ಣಿನಿಂದ ಕಿವಿಯ ಕಡೆಗೆ ನೀರು ಇಳಿಯಿತು. ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಅನಗವಾಡಿ ಸೇತುವೆಯ ಮೇಲೆ, ಎರಡೂ ಕಡೆ ನೀರು ಬೆಳ್ಳಗೆ ಹೊಳೆಯುತ್ತಿರುವಾಗ, ಸಹಾಯಕ ಚೀಲ ಹಿಂಡುವುದನ್ನು ಬಿಟ್ಟು ಎದೆ ಒತ್ತತೊಡಗಿದ. ಬಾಗಲಕೋಟೆ ಮುಟ್ಟುವತನಕ ಒತ್ತಿದ. ಅವನ ಮುಖ ನೋಡಿಯೇ ನನಗೆ ತಿಳಿದಿತ್ತು.

ಒಂಬತ್ತನೆಯ ದಿನದಿಂದ ಮಾತು ಹರಡಿತು. ದಿನಾ ಅದರ ವೇಷ ಹಾಕಿ ಕುಣಿದಳು, ದಿನಾ ಟಿವಿಯಲ್ಲಿ ಅದನ್ನೇ ನೋಡಿದಳು, ಕೊನೆಗೆ ಕರೆಸಿಕೊಂಡಳು ಎಂದು ಓಣಿಯ ಹೆಂಗಸರು ಹೇಳಿದರು. ಅವ್ವ ನಂಬಿದಳು. “ನಾ ಬ್ಯಾಡ ಬ್ಯಾಡ ಅಂದೆ. ಕೇಳಲಿಲ್ಲ ನನ್ನ ಮಗಳು” ಎಂದು ಬಂದವರ ಮುಂದೆಲ್ಲ ಅಳುತ್ತಿದ್ದಳು. ಬೇಡ ಎಂದು ಅವ್ವ ಒಂದು ದಿನವೂ ಅಂದಿರಲಿಲ್ಲ. ಸತ್ತ ಮಗಳ ಮೇಲೆ ತಪ್ಪು ಕೂತಿತು. ನಾನು ಅದನ್ನು ಅಲ್ಲೇ ಕೂರಲು ಬಿಟ್ಟೆ.

ಗ್ಯಾದರಿಂಗಿಗೆ ಶಾಲೆಯವರು ನನ್ನನ್ನು ಕರೆದು ಮೊದಲ ಸಾಲಿನಲ್ಲಿ ಕೂರಿಸಿದರು. ವೇದಿಕೆಯ ಮೂಲೆಯಲ್ಲಿ ಅವಳ ಫೋಟೋ, ಮಾಲೆ. “ನಮ್ಮ ಪ್ರೀತಿಯ ಟೀಚರಿಗೆ ಅರ್ಪಣೆ” ಎಂದು ಹೇಳಿ ಬನಹಟ್ಟಿಯ ಕರಿ ಬಟ್ಟೆಯಲ್ಲಿ ಮಕ್ಕಳು ಬಂದು ಹೆಡೆ ಎತ್ತಿದರು. ಯಾರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಚಪ್ಪಾಳೆ ಜೋರಾಗಿತ್ತು. ನಾನೂ ತಟ್ಟಿದೆ, ಪಕ್ಕದವರು ನನ್ನನ್ನೇ ನೋಡುತ್ತಿದ್ದರು.

ಸುಮ್ಮನಿರಲಾಗದೆ ಮುಂದಿನ ತಿಂಗಳು ಹಾವುಗಳ ಚಿತ್ರ ಪ್ರಿಂಟ್ ಹಾಕಿಸಿಕೊಂಡು, ಹೆಡ್ ಮಾಸ್ತರರನ್ನು ಕೇಳಿ, ಅದೇ ಶಾಲೆಗೆ ಹೋದೆ. ಯಾವುದಕ್ಕೆ ವಿಷ ಇದೆ, ಯಾವುದಕ್ಕಿಲ್ಲ, ಕಚ್ಚಿದರೆ ಎಲ್ಲಿಗೆ ಓಡಬೇಕು ಎಂದು ಒಂದು ತಾಸು ಹೇಳಿದೆ. ಕಟ್ಟುಹಾವಿನ ಚಿತ್ರ ಎತ್ತಿ ಹಿಡಿದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ಅಷ್ಟು ಸಣ್ಣದು, ಅಷ್ಟು ಸಪ್ಪೆ. ಕೊನೆಗೆ ತಂಗಿಯ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು ಬಹಳ ಮರ್ಯಾದೆಯಿಂದ ಕೇಳಿದಳು:

“ಸರ್, ನಮ್ಮ ಟೀಚರ್ ಈಗ ನಾಗಿಣಿ ಆಗಿ ಹುಟ್ಟ್ಯಾರೇನ್ರೀ?”

ನಾನು ಚಿತ್ರಗಳನ್ನು ಮಡಚಿದೆ. ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ಕಾಟಾದ ಕೋಣೆಯಲ್ಲಿ ಅಂಟಿಸಿದ್ದ ಒಂದು ಚಿತ್ರವನ್ನು, ಮುಂಜಾನೆ ಎದ್ದು ಇದರ ಮುಖ ನೋಡಬಾರದೆಂದು ಯಾರೋ ಕಿತ್ತು ಒಗೆದಿದ್ದರು. ಯಾರೆಂದು ಕೇಳಲಿಲ್ಲ.

ಅವ್ವ ಈಗ ಟಿವಿ ಹಚ್ಚುವುದಿಲ್ಲ. ಊಟ ಬಿಟ್ಟಿದ್ದಾಳೆ ಎನ್ನುವಷ್ಟು ಕಡಿಮೆ ಉಣ್ಣುತ್ತಾಳೆ. ಕಳೆದ ಅಮಾವಾಸ್ಯೆಯ ಮಧ್ಯಾಹ್ನ ನಾನು ಊಟಕ್ಕೆ ಕೂತಾಗ, ತಾಟಿಗೆ ರೊಟ್ಟಿ ಹಾಕಿದವಳು ಹಾಗೇ ನಿಂತಳು.

“ಅವತ್ತ ಹಾಸಿಗಿ ನೀನ ಮಡಚಿದ್ದಿ ಅಲ್ಲ ತಮ್ಮಾ?”

“ಹೂಂಬೇ.”

“ಏನೂ ಕಾಣಲಿಲ್ಲೇನು?”

ಅವಳ ದನಿಯಲ್ಲಿ ಸಂಶಯ ಇತ್ತೋ, ಬರೀ ದುಃಖ ಇತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೇಳಿದ್ದರೆ ಮಗಳ ಮೇಲಿನ ತಪ್ಪು ಇಳಿಯುತ್ತಿತ್ತು. ಇರುವ ಒಬ್ಬ ಮಗನೂ ಆಗ ಅವಳ ಪಾಲಿಗೆ ಉಳಿಯುತ್ತಿರಲಿಲ್ಲ.

“ಇಲ್ಲಬೇ” ಎಂದೆ. “ಏನೂ ಕಾಣಲಿಲ್ಲ.”

ಅವ್ವ ತಲೆ ಆಡಿಸಿ, ಪಲ್ಯ ಹಾಕಿ, ಎಮ್ಮೆಗೆ ನೀರಿಡಲು ಹಿತ್ತಲಿಗೆ ಹೋದಳು. ನಾನು ಉಂಡೆ.